ಬಾಳವ್ವನ ಕೈ ನಿಂತಾಗ

ನಮ್ಮೂರಿನಲ್ಲಿ ಮನೆ ಕೊಡುವುದು ಕಿವಿ ನೋಡಿ. ಮನೆಯ ಯಜಮಾನರಾಗುವವರೆಲ್ಲ ಆಲಿಕೆ ಮಂಡಳಿಯ ಪರೀಕ್ಷೆಗೆ ಕೂರಬೇಕು. ಚೆನ್ನಾಗಿ ಆಲಿಸಿದವರಿಗೆ ಗುಡ್ಡದಿಂದ ದೂರ, ಹತ್ತನೆಯ ಸಾಲಿನಲ್ಲಿ ಮನೆ. ಆಲಿಸಲು ಬಾರದವರಿಗೆ ಗುಡ್ಡದ ಬುಡದಲ್ಲಿ, ಒಂದನೆಯ ಸಾಲಿನಲ್ಲಿ. ಗುಡ್ಡ ಕಲ್ಲು ಉದುರಿಸುವುದು ಬುಡದಲ್ಲಿರುವವರ ಮೇಲೆಯೇ ಎಂದು ಗೊತ್ತಿದ್ದೂ ಈ ವ್ಯವಸ್ಥೆ ಮಾಡಿದ ಹಿರಿಯರು ಬಹಳ ಬುದ್ಧಿವಂತರಿರಬೇಕು. ಮಂಡಳಿಯ ಗೋಡೆಯ ಮೇಲೆ ಅವರೆಲ್ಲರ ಫೋಟೋ ಇದೆ. ಒಬ್ಬರ ಮೈಮೇಲೂ ಒಂದು ತರಚು ಗಾಯವಿಲ್ಲ.

ಗುಡ್ಡ ಬಡಿಯುತ್ತದೆ. ದುಂ ಎಂದು ಒಂದು ಬಡಿತ, ಎರಡು ಉಸಿರಿನ ಬಿಡುವು, ಮತ್ತೆ ದುಂ. ನನ್ನ ಅಜ್ಜಿಯ ಅಜ್ಜಿ ಹುಟ್ಟುವ ಮೊದಲಿನಿಂದಲೂ ಹೀಗೆಯೇ. ಬೇರೆ ಊರಿನಿಂದ ಬಂದ ಸೊಸೆಯರು ಮೊದಲ ವಾರ ಹಣೆ ಒತ್ತಿಕೊಂಡು ಕೂರುತ್ತಾರೆ. ಎರಡನೆಯ ವಾರದ ಹೊತ್ತಿಗೆ, ಯಾವ ಬಡಿತ ಎಂದು ನಮ್ಮನ್ನೇ ಕೇಳುತ್ತಾರೆ. ತಿಂಗಳಿಗೆ ಎರಡೋ ಮೂರೋ ಸಲ ಮಾತ್ರ ಒಂದು ಬಡಿತ ತಪ್ಪುತ್ತದೆ, ಉಳಿದವುಗಳ ಹಾಗೆ ಬರುವುದಿಲ್ಲ. ತಪ್ಪಿದ ಮೇಲೆ ಒಂದು ಬಟ್ಟಲು ಬಿಸಿ ಚಹಾ ಕುಡಿದು ಮುಗಿಸುವಷ್ಟರಲ್ಲಿ ಕಲ್ಲು ಬೀಳುತ್ತದೆ. ಒಮ್ಮೊಮ್ಮೆ ಬುಟ್ಟಿಯಷ್ಟು ಕಡಿಗಲ್ಲು, ಒಮ್ಮೊಮ್ಮೆ ಚಕ್ಕಡಿಯಷ್ಟು ದೊಡ್ಡ ಬಂಡೆ.

ಆ ತಪ್ಪಿದ ಬಡಿತವನ್ನು ಹಿಡಿಯಲೆಂದೇ ಗುಡ್ಡದ ಕಡೆ, ಒಂದನೆಯ ಸಾಲಿನ ಎದುರಿಗೆ ಆಲಿಕೆ ಕಟ್ಟೆಯಿದೆ. ಅದರ ಮೇಲೆ ಆರು ಜನ ಆಲಿಕೆಯವರು, ಎಲ್ಲರೂ ಹತ್ತನೆಯ ಸಾಲಿನವರು, ಕಣ್ಣು ಮುಚ್ಚಿ, ಅಂಗೈಗಳನ್ನು ಮೊಣಕಾಲಿನ ಮೇಲಿಟ್ಟು ಕೂತಿರುತ್ತಾರೆ. ಕಟ್ಟೆಯಿಂದ ನೂರು ಹೆಜ್ಜೆಯೊಳಗೆ ಯಾರೂ ಪಾತ್ರೆ ಬಡಿಯುವಂತಿಲ್ಲ, ಮಾತಾಡುವಂತಿಲ್ಲ, ಸೀನು ಬಂದರೆ ಸೆರಗು ಒತ್ತಿಕೊಳ್ಳಬೇಕು. ಬಡಿತ ತಪ್ಪಿತೆಂದು ಆಲಿಕೆಯವರಿಗೆ ಅನ್ನಿಸಿದರೆ ಒಬ್ಬರು ಬೆರಳೆತ್ತುತ್ತಾರೆ, ಕೆಳಗೆ ನಿಂತ ಖಾಸೀಮ ಕಹಳೆ ಊದುತ್ತಾನೆ, ಒಂದನೆಯ ಸಾಲಿನವರು ಮಕ್ಕಳು ಮುದುಕರನ್ನು ಎಳೆದುಕೊಂಡು ಓಡುತ್ತಾರೆ. ಹೋದ ವರ್ಷ ಮೂವತ್ತೆಂಟು ಸಲ ಕಹಳೆ ಊದಿತು. ಅದರಲ್ಲಿ ಕಲ್ಲು ಬಿದ್ದದ್ದು ಹನ್ನೊಂದು ಸಲ. ಕಹಳೆಯೇ ಊದದೆ ಕಲ್ಲು ಬಿದ್ದದ್ದು ಹತ್ತೊಂಬತ್ತು ಸಲ. ಮಂಡಳಿಯ ವಾರ್ಷಿಕ ವರದಿಯಲ್ಲಿ ‘ಮೂವತ್ತೆಂಟು ಎಚ್ಚರಿಕೆಗಳನ್ನು ಯಶಸ್ವಿಯಾಗಿ ನೀಡಲಾಯಿತು’ ಎಂದಿದೆ. ಆ ವಾಕ್ಯ ಬರೆದವಳು ನಾನೇ. ಮೂವತ್ತೊಂದು ವರ್ಷ ನಾನು ಮಂಡಳಿಯ ಪರೀಕ್ಷೆಗಳ ದಾಖಲೆ ಬರೆದವಳು. ಪರ ಊರಿಗೆ ಹೋಗಿ ಕಾಲೇಜು ಕಲಿತು ಬಂದ ಮೊದಲ ಹೆಂಗಸೆಂದು ಊರೆಲ್ಲ ನನ್ನನ್ನು ಅಕ್ಕೋರು ಅನ್ನುತ್ತದೆ. ಯಾರಿಗೂ ಒಂದಕ್ಷರ ಪಾಠ ಹೇಳಿದವಳಲ್ಲ. ಮದುವೆಯಾಗದ್ದರಿಂದ ಪರೀಕ್ಷೆಗೆ ನಾನೇ ಕೂತೆ, ಅಲುಗದೆ ಕೂರುವುದು ಕಾಲೇಜಿನಲ್ಲಿ ರೂಢಿಯಾಗಿತ್ತು, ಒಂಬತ್ತನೆಯ ಸಾಲು ಸಿಕ್ಕಿತು. ಆದ್ದರಿಂದ ಇಲ್ಲಿ ನಾನು ಯಾರನ್ನಾದರೂ ಹಳಿದರೆ ಅದರಲ್ಲಿ ನನ್ನ ಪಾಲೂ ಇದೆ ಎಂದು ತಿಳಿಯಬೇಕು.

ಬಾಳವ್ವ ರೊಟ್ಟಿ ಮಾಡಿ ಮಾರುವವಳು. ಗಂಡನ ಕಿವಿಯ ಪುಣ್ಯದಿಂದ ನಾಲ್ಕನೆಯ ಸಾಲಿನಲ್ಲಿದ್ದಳು. ಗಂಡ ತೀರಿಕೊಂಡ ಮೇಲೆ ಆ ಕಿವಿಯೂ ಹೋಯಿತಲ್ಲ. ನಿಯಮದಂತೆ ವರ್ಷದೊಳಗೆ ಅವಳೇ ಪರೀಕ್ಷೆಗೆ ಕೂರಬೇಕಾಯಿತು. ಮೂರು ಅವಕಾಶ. ಮೂರರಲ್ಲೂ ತಪ್ಪಿದರೆ ಒಂದನೆಯ ಸಾಲು. ಆ ಹೊತ್ತಿಗೆ ಅವಳ ಒಬ್ಬಳೇ ಮಗಳು ಸುಗಲಾ ಹೆರಿಗೆಗೆಂದು ತವರಿಗೆ ಬಂದು ಅಂಗೈಯಗಲದ ಹೆಣ್ಣು ಕೂಸನ್ನು ಹೆತ್ತಿದ್ದಳು. ಬಾಳವ್ವ ಎರಡು ಸಲ ತಪ್ಪಿ ಆಗಿತ್ತು.

ಪರೀಕ್ಷೆ ಹೀಗಿರುತ್ತದೆ. ಪರದೆಯ ಹಿಂದೆ ಇದೇ ಖಾಸೀಮ ನಗಾರಿ ಬಾರಿಸುತ್ತಾನೆ, ಗುಡ್ಡದ ಲೆಕ್ಕದಲ್ಲೇ, ದುಂ, ಎರಡು ಉಸಿರು, ದುಂ. ನಡುನಡುವೆ ಒಂದನ್ನು ತಪ್ಪಾಗಿ ಬಾರಿಸುತ್ತಾನೆ. ಪರದೆಯ ಈಚೆ ಕೂತವರು ಬಡಿತ ತಪ್ಪಿದಾಗ ಬೆರಳೆತ್ತಬೇಕು. ಬಸುರಿಯರು, ಮುದುಕರು ಕೂತಾಗ ಖಾಸೀಮ ಆ ತಪ್ಪು ಬಡಿತವನ್ನು ಕೊಂಚ ಜೋರಾಗಿ ಕೊಡುತ್ತಿದ್ದ. ಇಪ್ಪತ್ತು ವರ್ಷದಿಂದ ನನಗದು ಗೊತ್ತು. ದಾಖಲೆಯಲ್ಲಿ ಬರೆದಿಲ್ಲ. ಅವನಿಗೂ ನನಗೂ ಆ ಬಗ್ಗೆ ಎಂದೂ ಮಾತಾಗಿಲ್ಲ.

ಬಾಳವ್ವನಿಗೂ ಅವನು ಜೋರಾಗಿಯೇ ಕೊಟ್ಟಿದ್ದ. ಉಪಯೋಗವಾಗಲಿಲ್ಲ. ಎರಡನೆಯ ಪರೀಕ್ಷೆಯಲ್ಲಿ ಅವಳು ಇಪ್ಪತ್ತೆರಡು ಸಲ ಬೆರಳೆತ್ತಿದಳು. ಇಪ್ಪತ್ತೆರಡೂ ಸರಿಯಾದ ಬಡಿತಕ್ಕೆ. ಹೊರಗೆ ಬಂದಾಗ ಅಂಗೈ ಬೆವರಿ ಮೊಣಕಾಲಿನ ಮೇಲೆ ಸೀರೆ ಒದ್ದೆಯಾಗಿತ್ತು.

“ಕಿವಿ ತೆರಕೊಂಡು ಕುಂತ್ರ ಎಲ್ಲಾ ಬಡಿತಾನೂ ತಪ್ಪಿದಂಗ ಕೇಳಸ್ತಾವ್ರಿ ಅಕ್ಕೋರ,” ಅಂದಳು. “ಇದು ಸರಿ ಐತೋ ಇಲ್ಲೋ, ಇದು ಸರಿ ಐತೋ ಇಲ್ಲೋ ಅಂತ ಒಂದೊಂದರ ಮ್ಯಾಲೂ ಸಂಶೆ. ಇನ್ನ ಸ್ವಲ್ಪ ಹೊತ್ತು ಕುಂತಿದ್ರ ನಮ್ಮತ್ತೀನ ಆಗಿಬಿಡ್ತಿದ್ದೆ.”

ನಾನು ದಿನಾ ಮಧ್ಯಾಹ್ನ ಅವಳ ಮನೆಗೆ ಊಟಕ್ಕೆ ಹೋಗುತ್ತಿದ್ದೆ. ಎರಡು ಜೋಳದ ರೊಟ್ಟಿ, ಝುಣಕ, ಒಂದು ಬಟ್ಟಲು ಚಹಾ. ನನ್ನ ಹಲ್ಲು ಸಡಿಲವಾದ ಮೇಲೆ ನಾನು ಕೇಳದೆಯೇ ನನ್ನ ಪಾಲಿನ ರೊಟ್ಟಿಗೆ ಹಾಲು ಚಿಮುಕಿಸಿ ಮೆತ್ತಗೆ ಮಾಡಿ ಕೊಡುತ್ತಿದ್ದಳು, ಅದನ್ನು ಹೇಳಿಯೂ ಇರಲಿಲ್ಲ. ಅವಳು ರೊಟ್ಟಿ ಬಡಿಯುವುದನ್ನು ನೋಡುತ್ತ ಕೂರುವುದೇ ಒಂದು ಸುಖ. ಕೈ ತಟತಟ ಬಡಿಯುತ್ತಿರುತ್ತದೆ, ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತದೆ, ಬಾಯಿ ಊರ ಸುದ್ದಿಯನ್ನೆಲ್ಲ ಹೇಳುತ್ತಿರುತ್ತದೆ. ಒಂದು ದಿನ ಯಾರದೋ ಮದುವೆಯಲ್ಲಿ ಬೀಗರು ಮುನಿಸಿಕೊಂಡ ಕಥೆ ಹೇಳುತ್ತಿದ್ದವಳ ಕೈ ಥಟ್ಟನೆ ನಿಂತಿತು. ತಲೆಯೆತ್ತಿ ನನ್ನ ಕಡೆ ನೋಡಿದಳು.

“ಏನರ ಅಂದ್ರೇನ್ರಿ ಅಕ್ಕೋರ?”

“ಇಲ್ಲವಾ.”

“ಯಾರೋ ಕರದಂಗಾತು,” ಎಂದು ಮತ್ತೆ ಬಡಿಯತೊಡಗಿದಳು. ಬೀಗರ ಕಥೆ ಮುಂದುವರಿಯಿತು. ಕಹಳೆ ಊದಿರಲಿಲ್ಲ. ನನ್ನ ಚಹಾ ಮುಗಿಯುವ ಹೊತ್ತಿಗೆ ಒಂದನೆಯ ಸಾಲಿನ ಹಿಂದೆ ಎರಡು ಬುಟ್ಟಿ ಕಡಿ ಸುರಿದ ಸದ್ದಾಯಿತು.

ಕಾಕತಾಳೀಯ ಅಂದುಕೊಂಡೆ. ಎರಡು ವಾರದ ಮೇಲೆ ಮತ್ತೆ ಹಾಗೆಯೇ ಆಯಿತು. ಆಮೇಲೆ ಇನ್ನೊಂದು ಸಲ. ಕೈ ನಿಂತ ರೊಟ್ಟಿಯ ಮೇಲೆ ನಾಲ್ಕು ಬೆರಳಿನ ಗುರುತು ಆಳವಾಗಿ ಉಳಿಯುತ್ತಿತ್ತು, ಬೇಯುವಾಗ ಅಲ್ಲೇ ಬಿರಿಯುತ್ತಿತ್ತು. ಬಿರಿದ ರೊಟ್ಟಿಯನ್ನು ಮಾರಲಾಗದೆ ಪಕ್ಕಕ್ಕೆ ಇಡುತ್ತಿದ್ದಳು. ಅಂಥ ರೊಟ್ಟಿ ಇದ್ದ ದಿನವೆಲ್ಲ ಗುಡ್ಡ ಕಲ್ಲು ಚೆಲ್ಲಿತ್ತು. ತರ್ಕಶಾಸ್ತ್ರದಲ್ಲಿ ಮೊದಲ ದರ್ಜೆ ಪಡೆದವಳಿಗೆ ಒಂದು ರೊಟ್ಟಿಯ ಗುರುತು ಓದಲು ಮೂರು ತಿಂಗಳು ಬೇಕಾಯಿತು.

“ಈಗ ಯಾಕ ನಿಲ್ಲಿಸಿದಿ ಬಾಳವ್ವ?” ಎಂದು ಕೇಳಿದೆ.

“ನಾ ಎಲ್ಲಿ ನಿಲ್ಲಿಸೀನ್ರಿ? ನಿಮ್ಮ ಕಣ್ಣಿಗೆ ಒಲಿ ಹೊಗಿ ಬಡದೈತಿ.”

“ಗುಡ್ಡದ ಬಡಿತ ಕೇಳಿಸ್ತೇನು?”

“ರೊಟ್ಟಿ ಬಡಿಯಾಗ ಗುಡ್ಡ ಯಾರಿಗೆ ನೆನಪಿರ್ತದ್ರಿ,” ಎಂದು ನಕ್ಕಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವಳ ಕೈಗೆ.

ಮೂರನೆಯ ಪರೀಕ್ಷೆಗೆ ಐದು ದಿನ ಉಳಿದಿತ್ತು. ಮಂಡಳಿಯ ಮುಖ್ಯಸ್ಥ ಅಂದಾನೆಪ್ಪನವರ ಹತ್ತಿರ ಹೋದೆ. ಹದಿನಾಲ್ಕು ವರ್ಷದಿಂದ ಕಟ್ಟೆಯ ಮೇಲಿನ ಮೊದಲ ಆಸನ ಅವರದು. ಆಲಿಸುವುದು ಹೇಗೆ ಎಂಬ ಪಠ್ಯ ಬರೆದವರೂ ಅವರೇ. ತಪ್ಪಿದ ಬಡಿತದ ದನಿ ಏರಿರುತ್ತದೆ, ಆದ್ದರಿಂದ ಆಲಿಕೆಯವರು ಏರುದನಿಯೊಂದನ್ನೇ ಕಾಯಬೇಕು ಎಂಬುದು ಅದರ ಸಾರ. ಸಾರ ಎರಡು ಸಾಲಿನದು, ಪುಸ್ತಕ ನಾನೂರು ಪುಟದ್ದು.

“ಬಾಳವ್ವನ ಕೈಗೆ ಹಿಟ್ಟು ಕೊಟ್ಟು ಕೂಡ್ರಸ್ರಿ,” ಅಂದೆ. “ಆಕಿ ರೊಟ್ಟಿ ಬಡಿಲಿ, ಮಾತಾಡ್ಲಿ. ಬೆರಳು ಎತ್ತೂದು ಬ್ಯಾಡ. ಕೈ ಯಾವಾಗ ನಿಂತಿತು ಅಂತ ನಾ ಬರಕೋತೀನಿ.”

“ಅಕ್ಕೋರ, ಇದು ಆಲಿಕೆ ಪರೀಕ್ಷಾ. ಅಡಗಿ ಪರೀಕ್ಷಾ ಅಲ್ಲ.”

“ಆಕಿ ಆಲಿಸೂದಿಲ್ಲ ನಿಜ. ಆದ್ರ ಆಕಿಗೆ ಗೊತ್ತಾಗ್ತದ್ರಿ.”

“ಆಲಿಸದನ ಗೊತ್ತಾದ್ರ ಅದು ಗೊತ್ತಾದಂಗ ಅಲ್ಲ.” ಈ ಮಾತು ಅವರಿಗೇ ಬಹಳ ಹಿಡಿಸಿತು. ಕಣ್ಣು ಮುಚ್ಚಿ ಇನ್ನೊಮ್ಮೆ ಹೇಳಿದರು, ಪುಸ್ತಕದ ಮುಂದಿನ ಆವೃತ್ತಿಗೆ ಬೇಕಾಗುತ್ತದೆಂದು ಬರೆದುಕೊಳ್ಳಲು ನನಗೇ ಹೇಳಿದರು. ಬರೆದುಕೊಂಡೆ. “ಇವತ್ತು ರೊಟ್ಟಿ ಬಡಿಯಾಕಿನ್ನ ಪಾಸ್ ಮಾಡಿದ್ರ ನಾಳೆ ಬಡಿಗ್ಯಾ ಬಂದು ನಾನೂ ಕಟಿಗಿ ಹೆರೀತೀನಿ ಅಂತಾನ. ನಾಡದ ನಿದ್ದಿ ಹೊಡಿಯವರು ಬರ್ತಾರ.”

ನಿದ್ದೆ ಹೊಡೆಯುವವರಿಗೆ ಕಟ್ಟೆಯ ಮೇಲೆ ಆಗಲೇ ಜಾಗ ಆಗಿದೆಯಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. “ಆತ್ರಿ” ಅಂದು ಎದ್ದೆ. ಅವರು ಕೆಟ್ಟವರಲ್ಲ. ಹೊರಡುವ ಮೊದಲು ಚಹಾ ತರಿಸಿದರು, ಇದ್ದ ಎರಡು ಬಟ್ಟಲಲ್ಲಿ ಅಂಚು ಒಡೆಯದ್ದನ್ನು ನನ್ನ ಕಡೆ ಸರಿಸಿದರು. ಒಡೆದ ಬಟ್ಟಲಿಂದ ತುಟಿ ಓರೆ ಮಾಡಿಕೊಂಡು ಕುಡಿಯುತ್ತಿದ್ದ ಅವರನ್ನು ನೋಡಿ, ಇಷ್ಟು ಸೂಕ್ಷ್ಮ ಇರುವವರಿಗೆ ಒಂದು ಇಡೀ ಸಾಲಿನ ಜನ ಹೇಗೆ ಕಾಣುವುದಿಲ್ಲವೋ ಎಂದು ಯೋಚಿಸುತ್ತ ಬಂದೆ.

ಮೂರನೆಯ ಪರೀಕ್ಷೆಯಲ್ಲಿ ಖಾಸೀಮ ತಪ್ಪು ಬಡಿತವನ್ನು ಎಷ್ಟು ಬಲವಾಗಿ ಕೊಟ್ಟನೆಂದರೆ ಪರದೆ ನಡುಗಿತು. ಬರೆಯುತ್ತಿದ್ದ ನಾನೇ ಬೆಚ್ಚಿ ಹಾಳೆಯ ಮೇಲೆ ಶಾಯಿ ಚೆಲ್ಲಿಕೊಂಡೆ. ಬಾಳವ್ವನ ಬೆರಳು ಏಳಲಿಲ್ಲ. ಅದರ ಹಿಂದಿನ ಬಡಿತ ಸರಿಯೋ ತಪ್ಪೋ ಎಂಬ ಸಂಶಯದಲ್ಲೇ ಅವಳಿನ್ನೂ ಇದ್ದಳು. ಆ ಸಂಶಯ ತೀರುವ ಹೊತ್ತಿಗೆ ಇದು ದಾಟಿ ಹೋಗಿತ್ತು.

ಎಂಟು ದಿನದೊಳಗೆ ಮನೆ ಬಿಡಬೇಕೆಂದು ಕಾಗದ ಬಂತು. ಹೋಗಬೇಡ ಅನ್ನಲು ನಾಲ್ಕನೆಯ ಸಾಲಿನಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಹೊರಲು ಮಾತ್ರ ಎಲ್ಲರಿಗೂ ಹೆಗಲಿತ್ತು. ಒಬ್ಬರು ಹಂಚು ಹೊತ್ತರು, ಒಬ್ಬರು ಜೋಳದ ಚೀಲ, ಎಂದೋ ಬಾಳವ್ವನ ಜೊತೆ ಮಾತು ಬಿಟ್ಟಿದ್ದ ಪಕ್ಕದ ಮನೆಯವಳು ಬಿಸಿಲು ಬೀಳದಂತೆ ಕೂಸಿನ ಮೇಲೆ ಸೆರಗು ಹಿಡಿದು ಒಂದನೆಯ ಸಾಲಿನವರೆಗೂ ನಡೆದಳು. ಅಲ್ಲಿ ಹೋದರೆ ಮನೆ ಗುಡಿಸಿ, ಕೊಡಗಳಿಗೆ ನೀರು ತುಂಬಿಸಿ ಇಟ್ಟಿದ್ದರು. ಯಾರೆಂದು ಕೇಳಿದರೆ ಯಾರೂ ಹೇಳಲಿಲ್ಲ. ಅಲ್ಲಿನ ಪಕ್ಕದ ಮನೆಯ ಮುದುಕ ಈರಬಸಪ್ಪ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ.

“ತೊಟ್ಟಲಾ ಹಿಂದಿನ ಖೋಲ್ಯಾಗ ಕಟ್ಟಬ್ಯಾಡವಾ ತಂಗಿ. ಬಾಗಲದಾಗ ಕಟ್ಟು. ಇಲ್ಲಿ ನಾವೆಲ್ಲಾ ಬಾಗಲದಾಗ ಬೆಳದವರು.”

ಮೂರನೆಯ ದಿನ ಮಧ್ಯಾಹ್ನ ನಾನು ಅಲ್ಲಿಗೇ ಊಟಕ್ಕೆ ಹೋದೆ. ಆ ಮನೆಯಿಂದ ಕಟ್ಟೆ ಎಂಬತ್ತು ಹೆಜ್ಜೆ. ನೂರು ಹೆಜ್ಜೆಯೊಳಗಾದ್ದರಿಂದ ಬಾಳವ್ವ ರೊಟ್ಟಿಯನ್ನು ಬಡಿಯುವ ಬದಲು ಮಡಿಸಿದ ಗೋಣಿಯ ಮೇಲೆ ಹಿಟ್ಟಿಟ್ಟು ಒತ್ತುತ್ತಿದ್ದಳು. ಮಾತೂ ಪಿಸುದನಿಯಲ್ಲಿ. ಸುಗಲಾ ಬಾಗಿಲಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಅಳಿಯ ಕಳಿಸಿದ ಕುಂಚಿಗೆ ಕೂಸಿನ ತಲೆಗೆ ಎರಡರಷ್ಟು ದೊಡ್ಡದಾದ ಕಥೆ ನಡೆದಿತ್ತು.

“ಬೀಗರ ತಲಿ ಅಳತಿ ತಗೊಂಡು ಹೊಲಿಸ್ಯಾರ ಕಾಣಸ್ತದ್ರಿ,” ಎಂದು ಬಾಳವ್ವ ನಗುತ್ತಿದ್ದಳು. ನಗುತ್ತಿದ್ದ ಹಾಗೆಯೇ ಕೈ ನಿಂತಿತು.

“ಏನರ ಅಂದ್ರೇನ್ರಿ ಅಕ್ಕೋರ?”

ನಾನು ಕಟ್ಟೆಯ ಕಡೆ ನೋಡಿದೆ. ಆರೂ ಜನರ ಕಣ್ಣು ಮುಚ್ಚಿತ್ತು, ಹನ್ನೆರಡು ಅಂಗೈ ಮೊಣಕಾಲಿನ ಮೇಲಿದ್ದವು, ಮುಖದ ಮೇಲೆ ಬಹಳ ದೊಡ್ಡ ಏಕಾಗ್ರತೆ ಇತ್ತು. ಒಂದು ಬೆರಳೂ ಎದ್ದಿರಲಿಲ್ಲ. ಖಾಸೀಮ ಕಹಳೆಯನ್ನು ಕಂಕುಳಲ್ಲಿಟ್ಟುಕೊಂಡು ಅವರ ಮುಖವನ್ನೇ ನೋಡುತ್ತಿದ್ದ.

“ಸುಗಲಾ, ಕೂಸಿನ್ನ ತಗೊಂಡು ಓಡು,” ಅಂದೆ. ಆಮೇಲೆ ಹಿಟ್ಟು ಕಲಸುವ ಹಿತ್ತಾಳೆಯ ಪರಾತವನ್ನು ಬೋರಲು ಹಾಕಿ, ಒಲೆಯ ಪಕ್ಕದ ಇಕ್ಕಳ ತೆಗೆದುಕೊಂಡು, ಎಪ್ಪತ್ತೊಂದು ವರ್ಷದ ಕೈಯಲ್ಲಿ ಎಷ್ಟು ಬಲವಿದೆಯೋ ಅಷ್ಟರಿಂದ ಬಡಿಯುತ್ತ ಬೀದಿಗೆ ಬಂದೆ.

ಒಂದನೆಯ ಸಾಲು ಪೂರ್ತಿ ಹೊರಗೆ ಬಂತು. ಕಲ್ಲಿಗೆ ಹೆದರಿ ಬಂದವರಲ್ಲ. ಕಟ್ಟೆಯ ಎದುರಿಗೆ ಪಾತ್ರೆ ಬಡಿಯುವ ಹುಚ್ಚಿ ಯಾರೆಂದು ನೋಡಲು ಬಂದವರು. ನನ್ನನ್ನು ನೋಡುತ್ತ ನನ್ನ ಹಿಂದೆ ನಡೆದರು, ನಾನು ಬಡಿಯುತ್ತ ಗುಡ್ಡದಿಂದ ದೂರ ನಡೆದೆ. ಅಂದಾನೆಪ್ಪನವರು ಕಣ್ಣು ತೆರೆದು, ಶಾಲು ಸರಿಪಡಿಸಿಕೊಂಡು, ಕಟ್ಟೆಯಿಳಿದು ಎದುರು ಬಂದರು.

“ಅಕ್ಕೋರ, ಕಲತವರು ನೀವು,” ಎಂದು ಶುರು ಮಾಡಿದರು. “ಆಲಿಕೆ ನಡದಾಗ...”

ಅಷ್ಟರಲ್ಲಿ ಗುಡ್ಡ ಬಿತ್ತು. ಧೂಳು ಇಳಿದ ಮೇಲೆ ನೋಡಿದರೆ ಮೂರು ಮನೆಗಳ ಹಿಂದಿನ ಗೋಡೆ ಇರಲಿಲ್ಲ. ಅದರಲ್ಲಿ ಬಾಳವ್ವನದೂ ಒಂದು. ಹಿಂದಿನ ಖೋಲಿಯಲ್ಲಿ ಎಮ್ಮೆಯಷ್ಟು ದೊಡ್ಡ ಕಲ್ಲು ಕೂತಿತ್ತು. ಯಾರಿಗೂ ಗಾಯವಾಗಿರಲಿಲ್ಲ. ಸುಗಲಾ ಕೂದಲು ಬಿಚ್ಚಿಕೊಂಡು, ಎಣ್ಣೆಯಲ್ಲಿ ಜಾರುವ ಕೂಸನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಬಾಳವ್ವ ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

“ನಿಮಗ ಹೆಂಗ ಗೊತ್ತಾತ್ರಿ ಅಕ್ಕೋರ?” ಅಂದಳು.

ವಿಚಾರಣೆ ನಡೆಯಿತು. ಖಾಸೀಮನನ್ನು ಕರೆದು ಕೇಳಿದರು. ಆವತ್ತಿನ ಬಡಿತ ದನಿಯಲ್ಲಿ ತಪ್ಪಿರಲಿಲ್ಲ, ಕೂದಲೆಳೆಯಷ್ಟು ಬೇಗ ಬಂತು ಎಂದು ಅವನು ಹೇಳಿದ. ಗೊತ್ತಿದ್ದೂ ಯಾಕೆ ಊದಲಿಲ್ಲ ಎಂದರು. ಬೆರಳೇಳದೆ ಊದಿದರೆ ಕೆಲಸ ಹೋಗುತ್ತದೆಂದು ನೀವೇ ಬರೆದಿದ್ದೀರಲ್ಲ ಅಂದ. ಅಂದಾನೆಪ್ಪನವರಿಗೆ ಸಮಾಧಾನವಾಯಿತು. ಏರುದನಿಯನ್ನು ಆಲಿಸುವಲ್ಲಿ ಆಲಿಕೆಯವರಿಂದ ಯಾವ ಲೋಪವೂ ಆಗಿಲ್ಲ, ಏರುದನಿ ಬಂದೇ ಇಲ್ಲ ಎಂದು ತೀರ್ಪಾಯಿತು. ತೀರ್ಪನ್ನು ನಾನೇ ಬರೆದೆ, ಅದು ನಾನು ಬರೆದ ಕೊನೆಯ ಕಾಗದ. ನೂರು ಹೆಜ್ಜೆಯೊಳಗೆ ಪಾತ್ರೆ ಬಡಿದದ್ದಕ್ಕೆ ನನ್ನನ್ನು ಕೆಲಸದಿಂದ ಬಿಡಿಸಿದರು. ಜನ ಉಳಿದದ್ದಕ್ಕೆ ಶಾಲು ಹೊದಿಸಿದರು. ಎರಡೂ ಒಂದೇ ಸಭೆಯಲ್ಲಿ, ಒಂದರ ಹಿಂದೆ ಒಂದು.

ಊರ ಜನ ಮಾತ್ರ ಸುಮ್ಮನಿರಲಿಲ್ಲ. ರೊಟ್ಟಿಯ ಸಂಗತಿ ಬಾಯಿಂದ ಬಾಯಿಗೆ ಹೋಗಿತ್ತು. ಕೊನೆಗೆ ಮಂಡಳಿ ಒಂದು ಠರಾವು ಮಾಡಿತು. ಬಾಳವ್ವನಿಗೆ ಅಪರೂಪದ ಕಿವಿಯಿದೆ, ಅವಳನ್ನು ಏಳನೆಯ ಆಲಿಕೆಯವಳಾಗಿ ನೇಮಿಸಲಾಗಿದೆ. ಕಟ್ಟೆಯ ಮೇಲೆ ಅವಳಿಗೂ ಒಂದು ಆಸನ, ಕಣ್ಣು ಮುಚ್ಚಬೇಕು, ಅಂಗೈ ಮೊಣಕಾಲಿನ ಮೇಲೆ, ಮಾತಿಲ್ಲ.

“ಮನಿ?” ಎಂದು ಬಾಳವ್ವ ಕೇಳಿದಳು.

“ಮನಿ ಪರೀಕ್ಷಾ ಪಾಸಾದವರಿಗೆ,” ಅಂದರು ಅಂದಾನೆಪ್ಪನವರು. “ನೀ ಪಾಸಾಗಿಲ್ಲಲಾ.”

ಹಾಗಾಗಿ ಊರನ್ನೆಲ್ಲ ಕಾಯುವ ಆಲಿಕೆಯವಳ ಮಗಳೂ ಮೊಮ್ಮಗಳೂ ಹೊಸದಾಗಿ ಮಣ್ಣು ಮೆತ್ತಿದ ಗೋಡೆಯ ಕೆಳಗೆ ಉಳಿದರು. ಗಂಡನ ಮನೆಗೆ ಕಳಿಸೋಣವೆಂದರೆ ಅಳಿಯನ ಊರಿಗೆ ಎರಡು ದಿನದ ಚಕ್ಕಡಿ ಹಾದಿ, ಐದು ತಿಂಗಳು ತುಂಬದ ಕೂಸನ್ನು ಅಷ್ಟು ದೂರ ಒಯ್ಯುವುದು ನಮ್ಮಲ್ಲಿ ಇಲ್ಲ.

ಮೊದಲ ತಿಂಗಳಲ್ಲಿ ಎರಡು ಸಲ ಕಲ್ಲು ಬಿತ್ತು. ಎರಡು ಸಲವೂ ಬಾಳವ್ವ ಕಟ್ಟೆಯ ಮೇಲೆ ಕಣ್ಣು ಬಿಗಿದು ಮುಚ್ಚಿ ಕೂತಿದ್ದಳು, ಎರಡು ಸಲವೂ ಬೆರಳೆತ್ತಲಿಲ್ಲ. ಎರಡನೆಯದರಲ್ಲಿ ಈರಬಸಪ್ಪನ ಕಾಲು ಮುರಿಯಿತು. ಬಾಗಿಲಲ್ಲಿದ್ದ ತೊಟ್ಟಿಲಿಗೂ ಅವನಿಗೂ ನಡುವೆ ನಾಲ್ಕು ಮೊಳ. ಅಂದಾನೆಪ್ಪನವರು ನನ್ನನ್ನು ಬೀದಿಯಲ್ಲಿ ನಿಲ್ಲಿಸಿ, “ನೋಡಿದ್ರಲ್ಲ ಅಕ್ಕೋರ, ಆವತ್ತಿಂದು ಕತ್ತಲದಾಗ ಕಲ್ಲು ಒಗದಂಗ,” ಅಂದರು. ಅವರ ದನಿಯಲ್ಲಿ ಎಷ್ಟು ನೆಮ್ಮದಿಯಿತ್ತೆಂದರೆ ಮುರಿದದ್ದು ಮನುಷ್ಯನ ಕಾಲೆಂಬುದು ನನಗೇ ಒಂದು ಗಳಿಗೆ ಮರೆಯಿತು.

ಸಂಜೆ ಬಾಳವ್ವ ನನ್ನ ಮನೆಗೆ ಬಂದು ಹೊಸ್ತಿಲ ಮೇಲೆ ಕೂತಳು. ಕೈ ಒಣಗಿತ್ತು, ಉಗುರಿನ ಸಂದಿಯಲ್ಲಿ ಹಿಟ್ಟಿರಲಿಲ್ಲ. ಹಾಗೆ ಅವಳ ಕೈಯನ್ನು ನಾನು ನೋಡಿಯೇ ಇರಲಿಲ್ಲ.

“ಒಳಗ ಸುಗಲಾ ಕೂಸಿಗೆ ಹಾಲು ಕುಡಸ್ತಿರ್ತಾಳ ಅಂತ ನೆನಪಾದ್ರ ಕಿವಿ ಇನ್ನಷ್ಟು ಬಿಗಿ ಹಿಡೀತೀನ್ರಿ,” ಅಂದಳು. “ಬಿಗಿ ಹಿಡದಷ್ಟೂ ಏನೂ ಸಿಗವಲ್ದು. ಎಲ್ಲಾ ಬಡಿತಾನೂ ಒಂದ ಆಗ್ಯಾವ.”

“ರೊಟ್ಟಿ ಮಾಡೂದು ಬಿಟ್ಟಿಯೇನು?”

“ಆಲಿಕೆಯಾಕಿ ರೊಟ್ಟಿ ಬಡಿಬಾರದಂತ್ರಿ. ಕಟ್ಟಿ ಮರ್ಯಾದಿ ಹೋಗ್ತದಂತ.” ಒಣಗಿದ ಅಂಗೈ ತಿಕ್ಕಿಕೊಳ್ಳುತ್ತ, “ಈರಬಸಪ್ಪ ಕಾಕಾ ಏನಂದಾ ಗೊತ್ತೇನ್ರಿ? ಅಳಬ್ಯಾಡ ಮಗಳ, ಇನ್ನೊಂದು ಕಾಲು ಐತಿ ಅಂದಾ,” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮಾರನೆಯ ಬೆಳಿಗ್ಗೆ ಸಂತೆಗೆ ಹೋಗಿ ಮೆಂತ್ಯದ ಸೊಪ್ಪಿನ ನಾಲ್ಕು ಕಟ್ಟು ತಂದೆ. ಶೇಂಗಾ ಸದ್ದು ಮಾಡುತ್ತದೆ, ಅವರೆ ಸಿಡಿಯುತ್ತದೆ. ಮೆಂತ್ಯ ಬಿಡಿಸುವುದು ಯಾರಿಗೂ ಕೇಳಿಸುವುದಿಲ್ಲ. ಮಂಡಳಿ ಹೊದಿಸಿದ ಶಾಲನ್ನು ಪೆಟ್ಟಿಗೆಯಿಂದ ತೆಗೆದೆ. ಒಳ್ಳೆಯ ಅಗಲವಾದ ಶಾಲು, ಎರಡು ಮಡಿಲು ಮುಚ್ಚುವಷ್ಟು. ಮಂಡಳಿಯ ಕೆಲಸದಿಂದ ಇಳಿದವರಿಗೆ ಕಟ್ಟೆಯ ಮೇಲೆ ಕೂರುವ ಹಕ್ಕಿದೆ ಎಂಬ ನಿಯಮ ಎಷ್ಟನೆಯ ಪುಟದಲ್ಲಿದೆ ಎಂಬುದು ಅದನ್ನು ನಕಲು ಮಾಡಿದ ನನಗಲ್ಲದೆ ಯಾರಿಗೆ ಗೊತ್ತಿರಬೇಕು? ಹೋಗಿ ಬಾಳವ್ವನ ಪಕ್ಕದಲ್ಲೇ ಕೂತೆ. ಶಾಲನ್ನು ಇಬ್ಬರ ಮಡಿಲ ಮೇಲೂ ಹರವಿ, ಅದರ ಕೆಳಗೆ ಸೊಪ್ಪಿನ ಕಟ್ಟನ್ನು ಅವಳ ಕೈಗೆ ಸರಿಸಿದೆ. ಅವಳು ಕಣ್ಣು ತೆರೆದು ನೋಡಿದಳು. ಶಾಲಿನೊಳಗೆ ಬೆರಳುಗಳು ತಮ್ಮ ಪಾಡಿಗೆ ತಾವು ಎಲೆ ಕೀಳತೊಡಗಿದವು.

ಆಮೇಲೆ ನಾನು ಮಾತು ಶುರು ಮಾಡಿದೆ. ಮೂವತ್ತೊಂದು ವರ್ಷ ಆ ಕಟ್ಟೆಯ ಸುತ್ತ ಪಿಸುಗುಟ್ಟದೆ ನಡೆದವಳು, ಮೊದಲ ವಾಕ್ಯವನ್ನು ಎರಡು ಸಲ ಶುರು ಮಾಡಿದೆ.

“ಅಂದಾನೆಪ್ಪನೋರ ಹೆಂಡ್ತಿ ಏನು ಹೇಳಿದ್ರು ಕೇಳಿಯೇನು ಬಾಳವ್ವ,” ಅಂದೆ. “ಮನ್ಯಾಗ ನೀರು ಬಂತು, ಕೊಡ ಹಿಡೀರಿ ಅಂತ ನಾಕು ಸಲ ಕೂಗಿದ್ರೂ ಕೇಳಸೂದಿಲ್ಲಂತ. ಅಡಗಿಮನ್ಯಾಗ ಬಾಜೂದಾಕಿ ಕಿವ್ಯಾಗ ‘ನಮ್ಮನೋರು’ ಅಂತ ಉಸರ ಬಿಟ್ರ ಸಾಕಂತ, ಅಂಗಳದಿಂದ ‘ಏನಂದಿ?’ ಅಂತಾರಂತ.”

ಬಾಳವ್ವನ ಭುಜ ನಗೆಗೆ ಅಲುಗಿತು. ಮೊದಲ ಆಸನದಲ್ಲಿ ಅಂದಾನೆಪ್ಪನವರ ಕಣ್ಣು ತೆರೆಯಿತು. ತಮ್ಮ ಹೆಸರು ಕಿವಿಗೆ ಬಿದ್ದಿತ್ತಲ್ಲ.

“ಅಕ್ಕೋರ, ಕಟ್ಟಿ ಮ್ಯಾಲ ಮಾತಾಡಬಾರದು.”

“ಕೆಲಸದಿಂದ ಬಿಡಿಸೀರಿ,” ಅಂದೆ. “ಇನ್ನ ಶಾಲು ಒಂದು ಉಳದದ. ಬೇಕಾದ್ರ ಸಂಜೀಕ ಅದನ್ನೂ ಕಸಗೋರಿ.”

ಕೆಳಗೆ ಖಾಸೀಮನಿಗೆ ಜೋರಾಗಿ ಕೆಮ್ಮು ಬಂತು. ಅಂದಾನೆಪ್ಪನವರು ತಮ್ಮ ಶಾಲು ಸರಿಪಡಿಸಿಕೊಂಡರು. ಏಕಾಗ್ರತೆ ಕೆಡುತ್ತದೆಂದು ಅನ್ನಿಸಿತೇನೋ, ಮತ್ತೆ ಕಣ್ಣು ಮುಚ್ಚಿ ಏರುದನಿಯನ್ನು ಕಾಯತೊಡಗಿದರು. ನಾನು ಮುಂದುವರಿಸಿದೆ. ಮದುವೆಯ ಕಥೆ ಹೇಳಿದೆ, ಸಂತೆಯಲ್ಲಿ ಬದನೆಕಾಯಿ ಮಾರುವವಳು ತಕ್ಕಡಿಗೆ ಕೈ ಹಚ್ಚಿದ ಕಥೆ ಹೇಳಿದೆ, ಕಾಲೇಜಿನಲ್ಲಿ ನಾನು ತರ್ಕದ ಪರೀಕ್ಷೆಗೆ ಸಂಗೀತದ ಪುಸ್ತಕ ಓದಿಕೊಂಡು ಹೋದ ಕಥೆ, ಯಾರಿಗೂ ಹೇಳದ್ದು, ಅದನ್ನೂ ಹೇಳಿದೆ. ಮೊದಮೊದಲು ಸುಮ್ಮನೆ ಹೂಂಗುಟ್ಟುತ್ತಿದ್ದ ಬಾಳವ್ವ ಆಮೇಲೆ ನಡುವೆ ಬಾಯಿ ಹಾಕಿದಳು. ಬದನೆಕಾಯಿಯವಳು ತನಗೆ ಗೊತ್ತು, ಅವಳ ತಾಯಿಯೂ ಹಾಗೆಯೇ ಅಂದಳು. ಶಾಲಿನ ಕೆಳಗೆ ಎಲೆಯ ಗುಡ್ಡೆ ಬೆಳೆಯುತ್ತ ಬೆಚ್ಚಗಾಗುತ್ತಿತ್ತು. ಒಂದನೆಯ ಸಾಲಿನಲ್ಲಿ ಸುಗಲಾ ಬಾಗಿಲ ತೊಟ್ಟಿಲನ್ನು ಕಾಲ ಬೆರಳಿನಿಂದ ತೂಗುತ್ತ ಕೂತದ್ದು ಕಟ್ಟೆಯಿಂದ ಕಾಣುತ್ತಿತ್ತು. ಬಾಳವ್ವ ಅತ್ತ ನೋಡುತ್ತಿರಲಿಲ್ಲ, ನೋಡದಿರಲೆಂದೇ ನಾನು ಉಸಿರು ಬಿಡದೆ ಮಾತಾಡುತ್ತಿದ್ದೆ.

ಆ ದಿನ ಏನೂ ಆಗಲಿಲ್ಲ. ಮಾರನೆಯ ದಿನವೂ ಇಲ್ಲ. ಆರು ದಿನ ನಾವು ಮಾತಾಡಿದೆವು, ಆರು ದಿನ ಒಂದನೆಯ ಸಾಲಿನವರು ಮೆಂತ್ಯದ ಪಲ್ಯ ಉಂಡರು. ಏಳನೆಯ ದಿನ, ಊಟದ ಹೊತ್ತು ದಾಟಿತ್ತು. ಅವಳು ತನ್ನ ಅತ್ತೆಯ ಕಥೆ ಹೇಳುತ್ತಿದ್ದಳು. ಸಕ್ಕರೆ ಡಬ್ಬಿಯ ಮೇಲೆ ಅತ್ತೆ ಬೆರಳಿನ ಗುರುತು ಹಾಕಿಡುತ್ತಿದ್ದಳಂತೆ, ಸೊಸೆ ಆ ಗುರುತಿನ ಮೇಲೆ ತನ್ನ ಬೆರಳು ಕೂರುತ್ತದೋ ಎಂದು ಮೊದಲು ಅಳತೆ ನೋಡಿಕೊಳ್ಳುತ್ತಿದ್ದಳಂತೆ.

“ಆಕಿ ಬೆರಳು ದಪ್ಪ, ನಂದು ಸಣ್ಣ. ಅದಕ್ಕ ನಾನು ಹೆಬ್ಬೆರಳ...”

ಶಾಲು ಅಲುಗುವುದು ನಿಂತಿತು. ಬಾಳವ್ವ ನನ್ನ ಕಡೆ ತಿರುಗಿದಳು.

“ಏನರ ಅಂದ್ರೇನ್ರಿ ಅಕ್ಕೋರ?”

ನಾನು ಏನೂ ಅಂದಿರಲಿಲ್ಲ. ಆರು ಜನ ಕಣ್ಣು ಮುಚ್ಚಿ ಆಲಿಸುತ್ತಿದ್ದರು. ಖಾಸೀಮನನ್ನು ಕೂಗಲೆಂದು ಕೆಳಗೆ ಬಗ್ಗಿ ನೋಡಿದೆ. ಅವನು ಏಳು ದಿನದಿಂದ ಶಾಲನ್ನೇ ನೋಡುತ್ತಿದ್ದನಿರಬೇಕು. ಕಹಳೆ ಆಗಲೇ ಅವನ ತುಟಿಗೆ ಮುಟ್ಟಿತ್ತು.